ಐದು ವೋಲ್ಟ್ ಕೊಡೋಕೆ ಏಳು ವೋಲ್ಟ್ ಸುಡುತ್ತಿದ್ದ ಕಾಲ: ಬಕ್ ಕನ್ವರ್ಟರ್ ಕಥೆ, ಜೊತೆಗೆ ನನ್ನದೊಂದು ತಿದ್ದುಪಡಿ

ಈ ಸಲದ ಎಪಿಸೋಡ್ ಶುರು ಮಾಡೋದಕ್ಕೆ ಮುಂಚೆ ಒಂದು ತಪ್ಪೊಪ್ಪಿಗೆ ಇದೆ. ಹಳೇ ಕಂಪ್ಯೂಟರ್‌ಗಳ ಬಗ್ಗೆ ಮಾಡಿದ್ದ ಎಪಿಸೋಡ್‌ನಲ್ಲಿ ನಾನೊಂದು ಮಾತು ಹೇಳಿದ್ದೆ: "ಇವತ್ತು ಜಗತ್ತಿನ ಪ್ರತಿ ಕಂಪ್ಯೂಟರ್ ಒಳಗಿರೋ ಪವರ್ ಸಪ್ಲೈ, 1977ರ ಆಪಲ್ 2ರಿಂದ ಬಂದದ್ದು." ತುಂಬಾ ಧೈರ್ಯವಾಗಿ ಹೇಳಿದ್ದೆ. ಅದರ ಕ್ಲಿಪ್ ಮಾಡಿ ಸ್ಟೇಟಸ್‌ಗೂ ಹಾಕಿದ್ದೆ. ಆ ಮಾತು ತಪ್ಪು.

ತಪ್ಪು ಅಂತ ತೋರಿಸಿಕೊಟ್ಟವರು ನಮ್ಮ ಕೇಳುಗರೊಬ್ಬರು. ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಪವರ್ ಸಪ್ಲೈಗಳನ್ನೇ ರಿಪೇರಿ ಮಾಡಿ ನಿವೃತ್ತರಾದವರು. ಹೆಸರು ಹೇಳಬೇಡ ಅಂದಿದ್ದಾರೆ, ಹಾಗಾಗಿ ಬರೀ "ಸರ್" ಅಂತೀನಿ. ಅವರು ಫೋನ್ ಮಾಡಿ ಬೈಯಲಿಲ್ಲ. ಒಂದು ಕೆಲಸ ಕೊಟ್ಟರು. "ನೋಡಪ್ಪ, ಇತಿಹಾಸ ಆಮೇಲೆ. ಮೊದಲು ಒಂದು 7805 ತಗೊಂಡು ಬಾ. ಹನ್ನೆರಡು ವೋಲ್ಟ್ ಬ್ಯಾಟರಿಗೆ ಹಾಕಿ ಐದು ವೋಲ್ಟ್ ತೆಗೆದು, ಅದರ ಮೇಲೆ ಬೆರಳಿಡು. ಆಮೇಲೆ ಮಾತಾಡೋಣ" ಅಂದರು.

ನಾನು ಬಿ.ಕಾಂ. ಓದಿದವನು. ಸೋಲ್ಡರಿಂಗ್ ಐರನ್ ಹಿಡಿದದ್ದೇ ಈ ಎಪಿಸೋಡ್‌ಗೋಸ್ಕರ. ಎಸ್.ಪಿ. ರೋಡ್‌ಗೆ ಹೋಗಿ ಒಂದು 7805 ತಂದೆ. ಮೂರು ಕಾಲಿನ ಕಪ್ಪು ತುಂಡು ಅದು, ಬೆನ್ನಿಗೆ ಲೋಹದ ತಗಡು. ಮನೆಯ ಹನ್ನೆರಡು ವೋಲ್ಟ್ ಬ್ಯಾಟರಿಗೆ ಅದನ್ನ ಸೇರಿಸಿ, ಆ ಕಡೆ ಒಂದು ಪುಟಾಣಿ ಯುಎಸ್‌ಬಿ ದೀಪ ಹಾಕಿದೆ. ದೀಪ ಚೆನ್ನಾಗೇ ಉರೀತು. ಎರಡು ನಿಮಿಷ ಬಿಟ್ಟು ಬೆರಳಿಟ್ಟೆ. ದೋಸೆ ಹಂಚು ಮುಟ್ಟಿದ ಹಾಗಾಯ್ತು.

ಈ ಎಪಿಸೋಡ್ ಆ ಬಿಸಿಯ ಕಥೆ. ಆ ಬಿಸಿ ಎಲ್ಲಿಂದ ಬಂತು, ಅದನ್ನ ತಪ್ಪಿಸೋಕೆ ಯಾರ‍್ಯಾರು ಏನೇನು ಮಾಡಿದ್ರು, ಆ ಕೆಲಸದ ಹೆಸರು ಕೊನೆಗೆ ಯಾರ ಪಾಲಾಯ್ತು ಅನ್ನೋ ಕಥೆ.

ಲೆಕ್ಕ ಎಲ್ಲಿ ತಪ್ಪುತ್ತೆ?

7805 ಅನ್ನೋ ಹೆಸರಲ್ಲೇ ವಿಷಯ ಇದೆ. 78 ಅಂದ್ರೆ ಸರಣಿ, 05 ಅಂದ್ರೆ ಐದು ವೋಲ್ಟ್. ಫೇರ್‌ಚೈಲ್ಡ್ ಕಂಪನಿಯ ಸರಣಿ ಇದು. ಇದೇ ಜಾತಿಯ ಐದು ವೋಲ್ಟಿನ ಎಲ್ಎಂ109 ಅನ್ನೋ ಚಿಪ್ಪನ್ನ ನ್ಯಾಷನಲ್ ಸೆಮಿಕಂಡಕ್ಟರ್‌ನಲ್ಲಿದ್ದ ಬಾಬ್ ವಿಡ್ಲರ್ 1970ರ ಆಸುಪಾಸಿನಲ್ಲಿ ವಿನ್ಯಾಸ ಮಾಡಿದ್ದರು. ಇವನ್ನ ಲೀನಿಯರ್ ರೆಗ್ಯುಲೇಟರ್ ಅಂತ ಕರೀತಾರೆ. ಬಳಸೋದು ಬಹಳ ಸುಲಭ. ಒಂದು ಕಾಲಿಗೆ ಜಾಸ್ತಿ ವೋಲ್ಟೇಜ್ ಕೊಡಿ, ಒಂದು ಕಾಲನ್ನ ಗ್ರೌಂಡ್‌ಗೆ ಹಾಕಿ, ಇನ್ನೊಂದು ಕಾಲಲ್ಲಿ ಶುದ್ಧವಾದ ಐದು ವೋಲ್ಟ್ ಸಿಗುತ್ತೆ.

ಆದರೆ ಉಳಿದ ವೋಲ್ಟೇಜ್ ಎಲ್ಲಿ ಹೋಯ್ತು? ಕಾಮರ್ಸ್ ಭಾಷೆಯಲ್ಲಿ ಹೇಳ್ತೀನಿ. ನಿಮ್ಮ ಹತ್ರ ಹನ್ನೆರಡು ರೂಪಾಯಿ ಇದೆ, ಅಂಗಡಿಯವನಿಗೆ ಐದು ರೂಪಾಯಿ ಕೊಡಬೇಕು. ಲೀನಿಯರ್ ರೆಗ್ಯುಲೇಟರ್ ಏನು ಮಾಡುತ್ತೆ ಅಂದ್ರೆ, ಐದು ರೂಪಾಯಿ ಅಂಗಡಿಯವನಿಗೆ ಕೊಟ್ಟು ಉಳಿದ ಏಳು ರೂಪಾಯಿಗೆ ಬೆಂಕಿ ಹಚ್ಚುತ್ತೆ. ಚಿಲ್ಲರೆ ವಾಪಸ್ ಕೊಡೋ ಪದ್ಧತಿಯೇ ಅದಕ್ಕೆ ಗೊತ್ತಿಲ್ಲ. ಒಂದು ಆಂಪಿಯರ್ ಕರೆಂಟ್ ಹರಿದರೆ ದೀಪಕ್ಕೆ 5 ವಾಟ್, ಬಿಸಿಗೆ 7 ವಾಟ್. ಅಂದ್ರೆ ದಕ್ಷತೆ ಶೇ 42ರ ಆಸುಪಾಸು. ನನ್ನ ದೀಪ ತಗೊಂಡದ್ದು ಬರೀ 0.2 ಆಂಪಿಯರ್. ಅದಕ್ಕೇ ಬೆರಳು ಸುಟ್ಟಿತ್ತು.

ನಾವು ಚಿಕ್ಕವರಿದ್ದಾಗ ಟೇಪ್ ರೆಕಾರ್ಡರ್‌ಗೆ ಒಂದು ಭಾರದ ಅಡಾಪ್ಟರ್ ಇರ್ತಿತ್ತಲ್ಲ, ಮುಟ್ಟಿದರೆ ಬೆಚ್ಚಗೆ? ಅದರೊಳಗೆ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಇರ್ತಿತ್ತು. ಐವತ್ತು ಹರ್ಟ್ಜ್ ಕರೆಂಟನ್ನ ಇಳಿಸೋಕೆ ಅಷ್ಟು ಕಬ್ಬಿಣ, ಅಷ್ಟು ತಾಮ್ರ ಬೇಕೇ ಬೇಕಾಗಿತ್ತು. ಹಳೇ ಕಂಪ್ಯೂಟರ್‌ಗಳ ತೂಕದಲ್ಲಿ ದೊಡ್ಡ ಪಾಲು ಈ ಕಬ್ಬಿಣದ್ದು, ಹೀಟ್‌ಸಿಂಕ್‌ನದ್ದು, ಫ್ಯಾನ್‌ನದ್ದು.

ನೀರಗಂಟಿಯ ಉಪಾಯ

ಇದಕ್ಕೆ ಪರಿಹಾರ ಏನು? ಸರ್ ನನಗೆ ಅರ್ಥ ಮಾಡಿಸಿದ್ದು ಕೆರೆಯ ಉದಾಹರಣೆಯಿಂದ.

ಊರ ಕೆರೆಯ ತೂಬನ್ನ ನೋಡಿಕೊಳ್ಳೋಕೆ ನೀರಗಂಟಿ ಇರ್ತಾನೆ. ತೂಬನ್ನ ಪೂರ್ತಿ ತೆಗೆದರೆ ಗದ್ದೆ ಕೊಚ್ಚಿಹೋಗುತ್ತೆ. ಹಾಗಂತ ಅರ್ಧಂಬರ್ಧ ತೆಗೆದರೆ ನೀರು ಆ ಸಂದಿಯಲ್ಲಿ ಭೋರ್ಗರೆದು ಇರೋ ಶಕ್ತಿಯನ್ನೆಲ್ಲ ಅಲ್ಲೇ ಕಳಕೊಳ್ಳುತ್ತೆ. ಲೀನಿಯರ್ ರೆಗ್ಯುಲೇಟರ್ ಅಂದ್ರೆ ಆ ಅರ್ಧ ತೆಗೆದ ತೂಬು. ಇನ್ನೊಂದು ದಾರಿ ಇದೆ: ಪೂರ್ತಿ ತೆಗಿ, ಪೂರ್ತಿ ಮುಚ್ಚು, ಮತ್ತೆ ಪೂರ್ತಿ ತೆಗಿ. ತೆಗೆದಿರೋ ಹೊತ್ತು ಎಷ್ಟು, ಮುಚ್ಚಿರೋ ಹೊತ್ತು ಎಷ್ಟು ಅನ್ನೋದರ ಮೇಲೆ ಗದ್ದೆಗೆ ಹೋಗೋ ನೀರಿನ ಸರಾಸರಿ ತೀರ್ಮಾನ ಆಗುತ್ತೆ. ಮಧ್ಯೆ ಒಂದು ಸಣ್ಣ ಹೊಂಡ ಇದ್ರೆ ನೀರು ಬಿಟ್ಟುಬಿಟ್ಟು ಬಂದರೂ ಗದ್ದೆಗೆ ಒಂದೇ ಸಮ ಹರಿಯುತ್ತೆ.

ಸ್ಟೆಪ್-ಡೌನ್ ಸ್ವಿಚಿಂಗ್ ರೆಗ್ಯುಲೇಟರ್ ಇಷ್ಟೇ. ಎಂಜಿನಿಯರುಗಳು ಇದನ್ನ ಬಕ್ ಕನ್ವರ್ಟರ್ ಅಂತಾರೆ. ತೂಬಿನ ಜಾಗದಲ್ಲಿ ಒಂದು ಟ್ರಾನ್ಸಿಸ್ಟರ್. ಹೊಂಡದ ಜಾಗದಲ್ಲಿ ಒಂದು ಕಾಯಿಲ್, ಒಂದು ಕೆಪಾಸಿಟರ್. ಕಾಯಿಲ್‌ಗೆ ಒಂದು ಹಠ ಇದೆ: ತನ್ನೊಳಗೆ ಹರಿಯೋ ಕರೆಂಟ್ ತಟಕ್ಕನೆ ಬದಲಾಗೋಕೆ ಅದು ಬಿಡೋದಿಲ್ಲ. ಸ್ವಿಚ್ ಆನ್ ಇದ್ದಾಗ ಅದು ಶಕ್ತಿಯನ್ನ ತುಂಬಿಕೊಳ್ಳುತ್ತೆ. ಸ್ವಿಚ್ ಆಫ್ ಆದಾಗಲೂ ಕರೆಂಟ್ ಹರಿಸ್ತಾನೇ ಇರುತ್ತೆ. ಆಗ ಆ ಕರೆಂಟ್‌ಗೆ ಒಂದು ಸುತ್ತು ದಾರಿ ಬೇಕಲ್ಲ, ಅದಕ್ಕೇ ಒಂದು ಡಯೋಡ್.

ಹನ್ನೆರಡರಿಂದ ಐದು ಬೇಕು ಅಂದ್ರೆ ಸ್ವಿಚ್ ಎಷ್ಟು ಹೊತ್ತು ಆನ್ ಇರಬೇಕು? ಐದು ಭಾಗಿಸು ಹನ್ನೆರಡು. ಅಂದ್ರೆ ಶೇ 42ರಷ್ಟು ಹೊತ್ತು. ಅದೇ ಶೇ 42, ನೋಡಿ. ಲೀನಿಯರ್‌ನಲ್ಲಿ ಅದು ದಕ್ಷತೆ, ಇಲ್ಲಿ ಅದು ಬರೀ ಸ್ವಿಚ್‌ನ ಟೈಮಿಂಗ್. ಸ್ವಿಚ್ ಪೂರ್ತಿ ಆನ್ ಇದ್ದಾಗ ಅದರ ಮೇಲೆ ವೋಲ್ಟೇಜ್ ಹೆಚ್ಚುಕಡಿಮೆ ಇರೋದಿಲ್ಲ, ಪೂರ್ತಿ ಆಫ್ ಇದ್ದಾಗ ಕರೆಂಟ್ ಇರೋದಿಲ್ಲ. ಎರಡೂ ಒಟ್ಟಿಗೆ ಇದ್ದಾಗ ಮಾತ್ರ ಬಿಸಿ. ಹಾಗಾಗಿ ಏಳು ರೂಪಾಯಿ ಸುಡೋದು ತಪ್ಪುತ್ತೆ.

ಇಷ್ಟು ಸುಲಭ ಇದ್ರೆ ಮೊದಲೇ ಯಾಕೆ ಮಾಡಲಿಲ್ಲ? ಇಲ್ಲಿಂದ ಇತಿಹಾಸ ಶುರು.

ಐಡಿಯಾ ಹಳೇದು, ಸ್ವಿಚ್ ಇರಲಿಲ್ಲ

ಕರೆಂಟನ್ನ ತುಂಡು ತುಂಡು ಮಾಡೋ ಯೋಚನೆ ಬಹಳ ಹಳೇದು. 1930ರ ದಶಕದ ಕಾರ್ ರೇಡಿಯೋಗಳನ್ನ ತಗೊಳ್ಳಿ. ಕಾರಿನ ಬ್ಯಾಟರಿ ಆರು ವೋಲ್ಟ್, ರೇಡಿಯೋದ ವಾಲ್ವ್‌ಗಳಿಗೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ವೋಲ್ಟೇಜ್ ಬೇಕು. ಅದಕ್ಕೆ ವೈಬ್ರೇಟರ್ ಅನ್ನೋ ಒಂದು ಡಬ್ಬಿ ಹಾಕ್ತಿದ್ರು. ಅದರೊಳಗೆ ಒಂದು ಲೋಹದ ಎಲೆ ಪಟಪಟ ಬಡಿದುಕೊಂಡು ಕರೆಂಟನ್ನ ಕತ್ತರಿಸ್ತಿತ್ತು. ಅದು ಇಳಿಸೋ ಕೆಲಸ ಅಲ್ಲ, ಏರಿಸೋ ಕೆಲಸ. ಆದರೆ ಉಪಾಯ ಅದೇ ಕುಟುಂಬದ್ದು. ತೊಂದರೆ ಏನು? ಗುಂಯ್‌ಗುಡೋ ಸದ್ದು. ಆಮೇಲೆ ಬಡಿದು ಬಡಿದು ಸವೆಯೋ ಸಂಪರ್ಕ.

ಈ ಉಪಾಯ ನಿಜವಾಗಿ ಫಲ ಕೊಡಬೇಕು ಅಂದ್ರೆ ಸ್ವಿಚ್ ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಆಗಬೇಕು. ಯಾಕೆ ಅಂದ್ರೆ ವೇಗ ಹೆಚ್ಚಾದಷ್ಟೂ ಒಂದೊಂದು ಸಲಕ್ಕೆ ತುಂಬಿಟ್ಟುಕೊಳ್ಳಬೇಕಾದ ಶಕ್ತಿ ಕಮ್ಮಿ, ಹಾಗಾಗಿ ಕಾಯಿಲ್ ಸಣ್ಣದು. ಅದಕ್ಕೆ ಬೇಕಾದ್ದು ವೇಗದ ಟ್ರಾನ್ಸಿಸ್ಟರ್, ಆ ವೇಗದಲ್ಲಿ ಬಿಸಿಯಾಗದ ಕೋರ್. ಕೋರ್ ವಿಷಯ ಬೇಗ ಬಗೆಹರೀತು: ನೆದರ್ಲೆಂಡ್ಸ್‌ನ ಫಿಲಿಪ್ಸ್ ಪ್ರಯೋಗಾಲಯದಲ್ಲಿ ಸ್ನೂಕ್ ಅನ್ನೋ ವಿಜ್ಞಾನಿ 1940ರ ದಶಕದಲ್ಲೇ ಫೆರೈಟ್ ಅನ್ನೋ ಕಪ್ಪು ಪಿಂಗಾಣಿಯಂಥ ವಸ್ತುವನ್ನ ಬಳಕೆಗೆ ತಂದಿದ್ದರು. ಟ್ರಾನ್ಸಿಸ್ಟರ್ ಮಾತ್ರ ಕಾಯಿಸ್ತು. ಮೊದಮೊದಲ ಪವರ್ ಟ್ರಾನ್ಸಿಸ್ಟರ್‌ಗಳು ನಿಧಾನ, ದುಬಾರಿ, ಹೆಚ್ಚು ವೋಲ್ಟೇಜ್ ತಡೀತಿರಲಿಲ್ಲ.

ದುಬಾರಿ ಅನ್ನೋದನ್ನ ಲೆಕ್ಕಿಸದೇ ಇರೋ ಜಾಗ ಒಂದೇ ಇತ್ತು: ಬಾಹ್ಯಾಕಾಶ.

ಅಪೋಲೋ ನೌಕೆಯ ಗೈಡೆನ್ಸ್ ಕಂಪ್ಯೂಟರ್ ವಿಷಯ ಕೇಳಿರ್ತೀರಿ. 1969ರಲ್ಲಿ ಮನುಷ್ಯನನ್ನ ಚಂದ್ರನ ಮೇಲೆ ಇಳಿಸೋಕೆ ನೆರವಾದ ಯಂತ್ರ. ನೌಕೆಯಲ್ಲಿ ಸಿಗ್ತಿದ್ದದ್ದು 28 ವೋಲ್ಟ್. ಕಂಪ್ಯೂಟರ್‌ನ ಲಾಜಿಕ್ ಚಿಪ್‌ಗಳಿಗೆ ಬೇಕಾದ್ದು 4 ವೋಲ್ಟ್, ಇನ್ನು ಕೆಲವು ಭಾಗಗಳಿಗೆ 14 ವೋಲ್ಟ್. ಇಪ್ಪತ್ತೆಂಟರಿಂದ ನಾಲ್ಕಕ್ಕೆ ಲೀನಿಯರ್ ದಾರಿಯಲ್ಲಿ ಇಳಿಸಿದ್ರೆ ಏನಾಗ್ತಿತ್ತು, ಲೆಕ್ಕ ಹಾಕಿ. ಇಪ್ಪತ್ತೆಂಟು ರೂಪಾಯಲ್ಲಿ ನಾಲ್ಕು ಕೆಲಸಕ್ಕೆ, ಇಪ್ಪತ್ತನಾಲ್ಕು ಬೂದಿಗೆ. ಶೇ 86 ನಷ್ಟ. ಬಾಹ್ಯಾಕಾಶದಲ್ಲಿ ಆ ಬಿಸಿಯನ್ನ ಹೊರಗೆ ಹಾಕೋಕೆ ಗಾಳಿಯೂ ಇಲ್ಲ. ಹಾಗಾಗಿ ಆ ಕಂಪ್ಯೂಟರ್‌ನಲ್ಲಿ ಈ ಎರಡೂ ವೋಲ್ಟೇಜ್‌ಗಳಿಗೆ ಸ್ವಿಚಿಂಗ್ ರೆಗ್ಯುಲೇಟರ್‌ಗಳನ್ನೇ ಹಾಕಿದ್ರು. ಇಡೀ ಕಂಪ್ಯೂಟರ್ ತಗೊಳ್ತಿದ್ದದ್ದು ಸುಮಾರು 55 ವಾಟ್. ಒಂದು ಹಳೇ ಬಲ್ಬಿನಷ್ಟು.

ಅಂದ್ರೆ ಆಪಲ್ 2 ಮಾರುಕಟ್ಟೆಗೆ ಬರೋ ಎಷ್ಟೋ ವರ್ಷ ಮುಂಚೆ ಬಕ್ ಕನ್ವರ್ಟರ್ ಚಂದ್ರನ ಮೇಲೆ ಇಳಿದಿತ್ತು. ನನ್ನ ಮೊದಲ ತಪ್ಪು ಇಲ್ಲೇ ಬಯಲಾಯ್ತು.

ವಿದ್ಯುತ್ ಪೂರೈಕೆ ಅನ್ನೋದು ಯಾಕೆ ಸಣ್ಣ ವಿಷಯ ಅಲ್ಲ ಅನ್ನೋದಕ್ಕೆ ನಮ್ಮೂರಲ್ಲೇ ಒಂದು ಉದಾಹರಣೆ ಇದೆ. ಭಾರತದ ಮೊದಲ ಉಪಗ್ರಹ ಆರ್ಯಭಟ ತಯಾರಾದದ್ದು ಬೆಂಗಳೂರಿನ ಪೀಣ್ಯದ ಶೆಡ್‌ಗಳಲ್ಲಿ. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಅದನ್ನ ಕಕ್ಷೆಗೆ ಸೇರಿಸ್ತು. ಅದರ ವಿಜ್ಞಾನದ ಪ್ರಯೋಗಗಳು ನಾಲ್ಕೇ ದಿನದಲ್ಲಿ ನಿಂತುಹೋದವು. ಕಾರಣ, ವಿದ್ಯುತ್ ಪೂರೈಕೆಯ ತೊಂದರೆ. ಎಷ್ಟು ದೊಡ್ಡ ಬುದ್ಧಿವಂತ ಯಂತ್ರ ಆದ್ರೂ ಊಟ ಸರಿಯಾಗಿ ಬರದಿದ್ರೆ ಅಷ್ಟೇ.

ಅಡುಗೆಮನೆಯ ಟೇಬಲ್‌ನಿಂದ ಆಪಲ್‌ವರೆಗೆ

ಈಗ ನಾನು ತಪ್ಪು ಹೇಳಿದ ಜಾಗಕ್ಕೆ ಬರೋಣ.

ಸ್ಟೀವ್ ಜಾಬ್ಸ್ ಬಗ್ಗೆ ವಾಲ್ಟರ್ ಐಸಾಕ್ಸನ್ ಬರೆದ ಜೀವನಚರಿತ್ರೆ 2011ರಲ್ಲಿ ಬಂತು. ಅದರಲ್ಲಿ ಆಪಲ್ 2ರ ಪವರ್ ಸಪ್ಲೈ ವಿಷಯ ಬರುತ್ತೆ. ಜಾಬ್ಸ್‌ಗೆ ಕಂಪ್ಯೂಟರ್ ಒಳಗೆ ಫ್ಯಾನ್ ಇರೋದು ಇಷ್ಟ ಇರಲಿಲ್ಲ, ಸದ್ದು ಅಂತ. ಫ್ಯಾನ್ ಬೇಡ ಅಂದ್ರೆ ಬಿಸಿ ಬೇಡ, ಬಿಸಿ ಬೇಡ ಅಂದ್ರೆ ಲೀನಿಯರ್ ಬೇಡ. ಅಟಾರಿ ಕಡೆಯಿಂದ ಬಂದ ರಾಡ್ ಹೋಲ್ಟ್ ಅನ್ನೋ ಎಂಜಿನಿಯರ್ ಅದಕ್ಕೆ ಸ್ವಿಚಿಂಗ್ ಪವರ್ ಸಪ್ಲೈ ಮಾಡಿಕೊಟ್ಟರು. ಅವರು ಆಪಲ್‌ನ ಐದನೇ ನಂಬರಿನ ಉದ್ಯೋಗಿ. ಇಷ್ಟೂ ನಿಜ. ಕೆಲಸವೂ ಅಚ್ಚುಕಟ್ಟು. ಆದರೆ ಆ ಪುಸ್ತಕದಲ್ಲಿ ಜಾಬ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಇವತ್ತಿನ ಎಲ್ಲ ಕಂಪ್ಯೂಟರ್‌ಗಳೂ ಹೋಲ್ಟ್ ವಿನ್ಯಾಸವನ್ನೇ ನಕಲು ಮಾಡಿವೆ ಅನ್ನೋ ಅರ್ಥದ ಮಾತು ಹೇಳ್ತಾರೆ. ನಾನು ಅದನ್ನೇ ಓದಿ, ಕಣ್ಣು ಮುಚ್ಚಿ ನಿಮಗೆ ಹೇಳಿಬಿಟ್ಟೆ.

ಕೆನ್ ಶಿರಿಫ್ ಅನ್ನೋ ಎಂಜಿನಿಯರ್ 2012ರಲ್ಲೇ ಈ ಮಾತನ್ನ ಕೂಲಂಕಷವಾಗಿ ಪರೀಕ್ಷೆ ಮಾಡಿ ಬರೆದಿದ್ದಾರೆ. ಹಳೇ ಸರ್ಕ್ಯೂಟ್‌ಗಳು, ಪೇಟೆಂಟ್‌ಗಳು, ಆ ಕಾಲದ ಪತ್ರಿಕೆಗಳು, ಎಲ್ಲವನ್ನೂ ತೆಗೆದು ನೋಡಿದವರು. ಅವರ ತೀರ್ಮಾನ: ಬದಲಾವಣೆ ತಂದದ್ದು ಆಪಲ್ ಅಲ್ಲ, ಹೊಸ ಟ್ರಾನ್ಸಿಸ್ಟರ್‌ಗಳು. 1970ರ ದಶಕದಲ್ಲಿ ಹೆಚ್ಚು ವೋಲ್ಟೇಜ್ ತಡೆಯೋ, ವೇಗದ ಸಿಲಿಕಾನ್ ಟ್ರಾನ್ಸಿಸ್ಟರ್‌ಗಳು ಅಗ್ಗ ಆದವು. ಅವು ಅಗ್ಗ ಆದ ಕೂಡಲೇ ಬೇರೆ ಬೇರೆ ಕಡೆ ಬೇರೆ ಬೇರೆ ಜನ ಒಂದೇ ದಾರಿಗೆ ಬಂದರು.

ಆ ಜನರಲ್ಲಿ ನನಗೆ ಬಹಳ ಇಷ್ಟ ಆದವರು ರಾಬರ್ಟ್ ಬೋಶರ್ಟ್. ಇದ್ದ ಕೆಲಸ ಬಿಟ್ಟು 1970ರಲ್ಲಿ ತಮ್ಮ ಮನೆಯ ಅಡುಗೆಮನೆ ಟೇಬಲ್ ಮೇಲೆ ಪವರ್ ಸಪ್ಲೈ ಮಾಡೋಕೆ ಕೂತರು. ಅವರ ಗುರಿ ಒಂದೇ: ಸ್ವಿಚಿಂಗ್ ಸಪ್ಲೈ ಬೆಲೆಯನ್ನ ಲೀನಿಯರ್ ಬೆಲೆಗೆ ಇಳಿಸೋದು. ಭಾಗಗಳನ್ನ ಒಂದೊಂದಾಗಿ ಕಮ್ಮಿ ಮಾಡ್ತಾ ಹೋದರು. 1974ರ ಹೊತ್ತಿಗೆ ಪ್ರಿಂಟರ್‌ಗಳಿಗೆ ಅಗ್ಗದ ಸಪ್ಲೈಗಳನ್ನ ದೊಡ್ಡ ಸಂಖ್ಯೆಯಲ್ಲಿ ಮಾಡ್ತಿದ್ರು. 1977ರಲ್ಲಿ, ಅಂದ್ರೆ ಆಪಲ್ 2 ಬಂದ ವರ್ಷವೇ, ಅವರ ಕಂಪನಿಯಲ್ಲಿ 650 ಜನ ಇದ್ದರು. ನನ್ನ ಆ ಹಳೇ ಎಪಿಸೋಡ್‌ನಲ್ಲಿ ಬೋಶರ್ಟ್ ಹೆಸರು ಒಂದು ಸಲವೂ ಬಂದಿಲ್ಲ.

ಇನ್ನೊಬ್ಬರು ಬಾಬ್ ಮಮ್ಮಾನೋ. ಸ್ವಿಚ್‌ನ ಟೈಮಿಂಗ್ ನೋಡಿಕೊಳ್ಳೋಕೆ ಆಗೆಲ್ಲ ಬೋರ್ಡ್ ತುಂಬಾ ಬಿಡಿ ಭಾಗಗಳು ಬೇಕಾಗ್ತಿದ್ದವು. ಔಟ್‌ಪುಟ್ ಇಳೀತಾ ಇದೆಯಾ, ಆನ್ ಹೊತ್ತು ಹೆಚ್ಚು ಮಾಡು. ಏರ್ತಾ ಇದೆಯಾ, ಕಮ್ಮಿ ಮಾಡು. ಈ ನೀರಗಂಟಿ ಕೆಲಸವನ್ನ ಪೂರ್ತಿ ಒಂದೇ ಚಿಪ್ಪಿಗೆ ಇಳಿಸಿದವರು ಮಮ್ಮಾನೋ. ಸಿಲಿಕಾನ್ ಜನರಲ್ ಅನ್ನೋ ಕಂಪನಿಯ ಸಹ-ಸಂಸ್ಥಾಪಕರು. 1976ರಲ್ಲಿ ಬಂದ ಆ ಚಿಪ್‌ನ ಹೆಸರು ಎಸ್‌ಜಿ1524. ಅದೇ ವರ್ಷ ಕ್ಯಾಲ್ಟೆಕ್‌ನಲ್ಲಿ ಮಿಡಲ್‌ಬ್ರೂಕ್ ಮತ್ತು ಸ್ಲೊಬೊಡಾನ್ ಚುಕ್, ಸ್ವಿಚ್ ಆನ್-ಆಫ್ ಆಗೋ ಸರ್ಕ್ಯೂಟನ್ನ ಸರಾಸರಿ ಮಾಡಿ ಲೆಕ್ಕ ಹಾಕೋ ಒಂದು ಗಣಿತ ವಿಧಾನವನ್ನ ಪ್ರಕಟಿಸಿದರು. ಅಲ್ಲಿಯವರೆಗೆ ಅನುಭವದ ಮೇಲೆ, ಅಂದಾಜಿನ ಮೇಲೆ ನಡೀತಿದ್ದ ಕೆಲಸ ಆಮೇಲೆ ಪಾಠ ಮಾಡೋಕೆ ಆಗೋ ವಿದ್ಯೆ ಆಯ್ತು. ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ ಪ್ರೊಫೆಸರ್ ವಿ. ರಾಮನಾರಾಯಣನ್ ಇದೇ ವಿಷಯಕ್ಕೆ ಬರೆದ ಕೋರ್ಸ್ ನೋಟ್ಸ್‌ನ್ನ ಎಂಜಿನಿಯರಿಂಗ್ ಹುಡುಗರು ಇವತ್ತಿಗೂ ಓದ್ತಾರೆ.

ಇನ್ನೊಂದು ಸ್ಪಷ್ಟನೆ. ಹೋಲ್ಟ್ ಮಾಡಿದ್ದು ಗೋಡೆಯ ಕರೆಂಟಿನಿಂದ ನೇರ ಕೆಲಸ ಮಾಡೋ, ಫ್ಲೈಬ್ಯಾಕ್ ಅನ್ನೋ ಜಾತಿಯದ್ದು. ಅದು ಬಕ್‌ಗೆ ಸೋದರಸಂಬಂಧಿ, ಅದೇ ಅಲ್ಲ. ಆಮೇಲಿನ ಪಿಸಿ ಪವರ್ ಸಪ್ಲೈಗಳು ಬೇರೆ ವಿನ್ಯಾಸಗಳ ಕಡೆಗೆ ಹೋದವು. ಹಾಗಾಗಿ "ಎಲ್ಲರೂ ನಕಲು ಮಾಡಿದ್ರು" ಅನ್ನೋ ಮಾತು ಯಾವ ಕಡೆಯಿಂದ ನೋಡಿದ್ರೂ ನಿಲ್ಲೋದಿಲ್ಲ.

ಕ್ಯಾಟಲಾಗ್ ನೋಡಿ ಆರಿಸೋ ಕಾಲ

1980ರ ದಶಕದ ಕೊನೆವರೆಗೂ ಸ್ವಿಚಿಂಗ್ ರೆಗ್ಯುಲೇಟರ್ ಮಾಡೋದು ತಜ್ಞರ ಕೆಲಸ. ಸಾಮಾನ್ಯ ಎಂಜಿನಿಯರ್‌ಗೆ ಕಾಯಿಲ್ ಅಂದ್ರೆ ಭಯ. 1990ರ ಆಸುಪಾಸಿನಲ್ಲಿ ನ್ಯಾಷನಲ್ ಸೆಮಿಕಂಡಕ್ಟರ್ ಆ ಭಯ ಓಡಿಸೋಕೆ ಒಂದು ಸರಣಿ ತಂತು, ಹೆಸರೇ ಸಿಂಪಲ್ ಸ್ವಿಚರ್. ಎಲ್ಎಂ2575 ಒಂದು ಆಂಪಿಯರ್‌ಗೆ, ಎಲ್ಎಂ2576 ಮೂರು ಆಂಪಿಯರ್‌ಗೆ. ಸ್ವಿಚ್ಚೂ ಒಳಗೇ, ನೀರಗಂಟಿಯೂ ಒಳಗೇ. ಹೊರಗೆ ನಾಲ್ಕು ಭಾಗ ಹಾಕಿದ್ರೆ ಆಯ್ತು: ಎರಡು ಕೆಪಾಸಿಟರ್, ಒಂದು ಕಾಯಿಲ್, ಒಂದು ಡಯೋಡ್. ಡೇಟಾಶೀಟ್‌ನಲ್ಲಿ ಹಂತ ಹಂತವಾಗಿ ವಿಧಾನ, ಕಾಯಿಲ್ ಆರಿಸೋಕೆ ಗ್ರಾಫ್. ಅದರ ಮೇಲೆ ಕಂಪ್ಯೂಟರ್‌ಗೆ ಒಂದು ಸಣ್ಣ ಸಾಫ್ಟ್‌ವೇರ್ ಬೇರೆ. ಇವು ಸೆಕೆಂಡಿಗೆ 52 ಸಾವಿರ ಸಲ ಸ್ವಿಚ್ ಆಗ್ತಿದ್ದವು. ಆಮೇಲೆ ಬಂದ ಎಲ್ಎಂ2596 ಸೆಕೆಂಡಿಗೆ ಒಂದೂವರೆ ಲಕ್ಷ ಸಲ.

ಈ ವೇಗದ ವ್ಯತ್ಯಾಸದಿಂದ ಏನು ಲಾಭ? ಒಂದು ಲೆಕ್ಕ ಮಾಡೋಣ, ಕಷ್ಟ ಇಲ್ಲ. ಇನ್‌ಪುಟ್ ಹನ್ನೆರಡು, ಔಟ್‌ಪುಟ್ ಐದು, ಕರೆಂಟ್ ಎರಡು ಆಂಪಿಯರ್. ಕಾಯಿಲ್‌ನಲ್ಲಿ ಕರೆಂಟ್ ಗರಗಸದ ಹಲ್ಲಿನ ಹಾಗೆ ಏರಿ ಇಳೀತಾ ಇರುತ್ತೆ. ಆ ಏರಿಳಿತ ಒಟ್ಟು ಕರೆಂಟಿನ ಶೇ 30ರಷ್ಟು, ಅಂದ್ರೆ 0.6 ಆಂಪಿಯರ್ ಇರಲಿ ಅಂತ ಇಟ್ಟುಕೊಳ್ಳಿ. ಕಾಯಿಲ್ ಮೇಲಿರೋ ವೋಲ್ಟೇಜ್ 12ರಲ್ಲಿ 5 ಕಳೆದು 7. ಅದನ್ನ ಆನ್ ಹೊತ್ತಿನ ಪಾಲು 0.42ರಿಂದ ಗುಣಿಸಿ, ವೇಗ ಮತ್ತು ಏರಿಳಿತ ಎರಡರಿಂದಲೂ ಭಾಗಿಸಿ. ಒಂದೂವರೆ ಲಕ್ಷದ ವೇಗಕ್ಕೆ ಸುಮಾರು 33 ಮೈಕ್ರೋಹೆನ್ರಿ ಬರುತ್ತೆ. 52 ಸಾವಿರದ ವೇಗಕ್ಕೆ 94 ಬರುತ್ತೆ, ಅಂಗಡಿಯಲ್ಲಿ ಸಿಗೋದು 100. ಅಂದ್ರೆ ವೇಗ ಮೂರು ಪಟ್ಟು ಆದ್ರೆ ಕಾಯಿಲ್ ಮೂರರಲ್ಲೊಂದು ಭಾಗ ಸಾಕು.

ಹಾಗಂತ ವೇಗ ಎಷ್ಟು ಬೇಕಾದ್ರೂ ಏರಿಸೋಕೆ ಆಗಲ್ಲ. ಪ್ರತಿ ಸಲ ಆನ್-ಆಫ್ ಆಗುವಾಗಲೂ ಒಂದು ಕ್ಷಣ ವೋಲ್ಟೇಜ್, ಕರೆಂಟ್ ಎರಡೂ ಒಟ್ಟಿಗೆ ಇರುತ್ತೆ, ಆಗ ಸ್ವಲ್ಪ ಬಿಸಿ. ಬ್ಯಾಂಕ್ ಟ್ರಾನ್ಸಾಕ್ಷನ್ ಚಾರ್ಜ್ ಇದ್ದ ಹಾಗೆ. ವ್ಯವಹಾರ ಹೆಚ್ಚಾದಷ್ಟೂ ಚಾರ್ಜ್ ಹೆಚ್ಚು.

ನನ್ನ ಹಾಳಾದ ರೆಕಾರ್ಡಿಂಗ್

ಇಷ್ಟೆಲ್ಲ ಕಲಿಯೋಕೆ ಮುಂಚೆ ನಾನೂ ಒಂದು ಬಕ್ ಕನ್ವರ್ಟರ್ ಇಟ್ಟುಕೊಂಡಿದ್ದೆ. ನಮ್ಮ ಏರಿಯಾದಲ್ಲಿ ಕರೆಂಟ್ ಹೋದಾಗ ರೆಕಾರ್ಡಿಂಗ್ ನಿಲ್ಲಬಾರದು ಅಂತ ಹನ್ನೆರಡು ವೋಲ್ಟ್ ಬ್ಯಾಟರಿ, ಅದರಿಂದ ಐದು ವೋಲ್ಟ್ ಮಾಡೋ ಒಂದು ಚಿಕ್ಕ ಬೋರ್ಡ್, ಅದರಿಂದ ಮೈಕಿನ ಆಡಿಯೋ ಇಂಟರ್‌ಫೇಸ್. ಬೋರ್ಡ್ ಮೇಲಿನ ಚಿಪ್ಪಲ್ಲಿ ಎಲ್ಎಂ2596 ಅಂತಲೇ ಅಚ್ಚಾಗಿತ್ತು. ಬಹಳ ಅಗ್ಗಕ್ಕೆ ಸಿಕ್ಕಿತ್ತು, ನಾನೂ ಖುಷಿಯಾಗಿದ್ದೆ.

ಒಂದು ಸಂಜೆ ಹಿರಿಯರೊಬ್ಬರ ಸಂದರ್ಶನ. ಒಂದು ಗಂಟೆ ಮಾತಾಡಿದ್ರು, ಮಧ್ಯೆ ಅವರ ಕಣ್ಣಲ್ಲಿ ನೀರೂ ಬಂತು. ಮನೆಗೆ ಬಂದು ಹೆಡ್‌ಫೋನ್ ಹಾಕಿದ್ರೆ ಉದ್ದಕ್ಕೂ ಸೊಳ್ಳೆಯ ಹಾಗೆ ಕುಂಯ್ ಅನ್ನೋ ಸದ್ದು. ಸಾಫ್ಟ್‌ವೇರ್‌ನಲ್ಲಿ ಎಷ್ಟು ತೆಗೆದ್ರೂ ದನಿ ಡಬ್ಬದೊಳಗಿನಿಂದ ಬಂದ ಹಾಗೆ ಆಯ್ತು. ಅವರು ಇನ್ನೊಂದು ದಿನ ಮತ್ತೆ ಕೂತು ಮಾತಾಡಿದ್ರು ನಿಜ. ಆದರೆ ಮೊದಲ ಸಲ ಹೇಳಿದ ಹಾಗೆ ಎರಡನೇ ಸಲ ಯಾರೂ ಹೇಳಲ್ಲ. ಅದು ಹೋದದ್ದು ಹೋಯ್ತು.

ಆ ಬೋರ್ಡನ್ನ ಸರ್ ಹತ್ರ ತಗೊಂಡು ಹೋದೆ. ಅವರು ಆಸಿಲೋಸ್ಕೋಪ್‌ಗೆ ಹಾಕಿ ನೋಡಿ ನಕ್ಕರು. ಒಂದೂವರೆ ಲಕ್ಷ ಸಲ ಇರಬೇಕಾದ ಸ್ವಿಚ್ಚಿಂಗ್ ಐವತ್ತು ಸಾವಿರದ ಆಸುಪಾಸಿನಲ್ಲಿ ನಡೀತಿತ್ತು. "ಹೆಸರು ಒಂದು, ಒಳಗಿರೋದು ಇನ್ನೊಂದು" ಅಂದರು. ಆದರೆ ಬೋರ್ಡ್ ಮೇಲಿದ್ದ ಕಾಯಿಲ್ 33 ಮೈಕ್ರೋಹೆನ್ರಿ. ಈಗಷ್ಟೇ ಲೆಕ್ಕ ಮಾಡಿದ್ವಲ್ಲ, ಆ ವೇಗಕ್ಕೆ ಬೇಕಾದ್ದು 100. ಹಾಗಾಗಿ 0.6 ಇರಬೇಕಾದ ಏರಿಳಿತ 1.7 ಆಂಪಿಯರ್‌ವರೆಗೆ ಹೋಗುತ್ತೆ. ಅದರ ಜೊತೆಗೆ ನನ್ನ ಇಂಟರ್‌ಫೇಸ್ ತಗೊಳ್ತಿದ್ದದ್ದು ಬರೀ 0.4 ಆಂಪಿಯರ್. ಲೋಡ್ ಕಮ್ಮಿ ಇದ್ದಾಗ ಇಂಥ ಚಿಪ್‌ಗಳು ಕೆಲವು ಸ್ವಿಚಿಂಗ್‌ಗಳನ್ನ ಬಿಟ್ಟುಬಿಟ್ಟು ಮಾಡ್ತವೆ, ಆಗ ಆ ಏರಿಳಿತ ನಮ್ಮ ಕಿವಿಗೆ ಕೇಳೋ ಶ್ರೇಣಿಗೇ ಇಳಿದುಬಿಡುತ್ತೆ. ನನ್ನ ಸೊಳ್ಳೆ ಅದೇ.

ಹಾಗಾದ್ರೆ ಆರಿಸುವಾಗ ಏನು ನೋಡಬೇಕು? ಸರ್ ಹೇಳಿದ್ದನ್ನ ನನ್ನ ಮಾತಲ್ಲಿ ಹೇಳ್ತೀನಿ. ಮೊದಲು ಇನ್‌ಪುಟ್. ಹನ್ನೆರಡು ವೋಲ್ಟ್ ಬ್ಯಾಟರಿ ಚಾರ್ಜ್ ಆಗುವಾಗ ಹದಿನಾಲ್ಕರ ಮೇಲೆ ಹೋಗುತ್ತೆ, ವಾಹನದಲ್ಲಿ ಇನ್ನೂ ಮೇಲೆ ನೆಗೆಯುತ್ತೆ. ಅದಕ್ಕೆ ಅವಕಾಶ ಇರಬೇಕು. ಎರಡನೇದು ಕರೆಂಟ್. ಡಬ್ಬಿ ಮೇಲೆ ಮೂರು ಆಂಪಿಯರ್ ಅಂತ ಇದ್ರೆ ಅದು ತಂಪಾಗಿಟ್ಟಾಗಿನ ಮಾತು. ಮೂರನೇದು ಕಾಯಿಲ್. ಎರಡು ಆಂಪಿಯರ್ ಲೋಡ್‌ಗೆ 0.6ರ ಏರಿಳಿತ ಇದ್ರೆ ಶಿಖರದಲ್ಲಿ 2.3 ಆಂಪಿಯರ್ ಹರಿಯುತ್ತೆ. ಕಾಯಿಲ್ ಅದಕ್ಕಿಂತ ಹೆಚ್ಚು ತಡೀಬೇಕು, ಇಲ್ಲದಿದ್ರೆ ಕೋರ್ ತುಂಬಿಹೋಗಿ ಅದು ಬರೀ ತಂತಿ ಆಗಿಬಿಡುತ್ತೆ. ನಾಲ್ಕನೇದು ಡಯೋಡ್, ಶಾಟ್ಕಿ ಜಾತಿಯದ್ದೇ ಆಗಬೇಕು. ಮಾಮೂಲಿ ಡಯೋಡ್ ಈ ವೇಗಕ್ಕೆ ಆಫ್ ಆಗೋದೇ ಇಲ್ಲ. ಐದನೇದು ಬೋರ್ಡ್ ಮೇಲಿನ ಜಾಗ. ಇನ್‌ಪುಟ್ ಕೆಪಾಸಿಟರ್, ಸ್ವಿಚ್, ಡಯೋಡ್ ಈ ಮೂರರ ಸುತ್ತಿನ ದಾರಿ ಎಷ್ಟು ಚಿಕ್ಕದಾಗಿರುತ್ತೋ ಅಷ್ಟು ಗಲಾಟೆ ಕಮ್ಮಿ.

ಕೊನೆಗೆ ನನ್ನ ಸೊಳ್ಳೆಗೆ ಅವರು ಕೊಟ್ಟ ಮದ್ದು ಏನು ಗೊತ್ತಾ? "ಸರಿಯಾದ ಚಿಪ್ ಹಾಕು. ಬಕ್‌ನಿಂದ ಏಳೂವರೆ ವೋಲ್ಟ್ ಮಾಡ್ಕೋ. ಅದರ ಮುಂದೆ ನಿನ್ನ ಬೆರಳು ಸುಟ್ಟ 7805 ಹಾಕು" ಅಂದರು. ಹನ್ನೆರಡರಿಂದ ನೇರ ಇಳಿಸಿದ್ರೆ ಅದು 0.4 ಆಂಪಿಯರ್‌ಗೆ 2.8 ವಾಟ್ ಸುಡ್ತಿತ್ತು. ಏಳೂವರೆಯಿಂದ ಆದ್ರೆ ಒಂದೇ ವಾಟ್. ದೊಡ್ಡ ಇಳಿತವನ್ನ ಬಕ್ ಮಾಡುತ್ತೆ, ಕಿವಿಗೆ ಕೇಳೋ ಗಲೀಜನ್ನ ಹಳೇ ಲೀನಿಯರ್ ಒರೆಸುತ್ತೆ. ಈಗ ನೀವು ಕೇಳ್ತಿರೋ ದನಿ ಆ ಜೋಡಿಯಿಂದಲೇ ಬರ್ತಾ ಇರೋದು.

ನಿಮ್ಮ ಜೇಬಿನೊಳಗೆ

1993ರ ಮೊದಲ ಪೆಂಟಿಯಂ ಐದು ವೋಲ್ಟ್‌ನಲ್ಲಿ ನಡೀತಿತ್ತು. ಮಾರನೇ ವರ್ಷ ಬಂದವು 3.3 ವೋಲ್ಟ್‌ಗೆ ಇಳಿದವು. ಈಗಿನ ಪ್ರೊಸೆಸರ್‌ಗಳು ಒಂದು ವೋಲ್ಟ್‌ನ ಆಸುಪಾಸು. ಡೆಸ್ಕ್‌ಟಾಪ್ ಪ್ರೊಸೆಸರ್ ನೂರು ವಾಟ್ ತಗೊಂಡ್ರೆ, ಒಂದು ವೋಲ್ಟ್‌ಗೆ ನೂರು ಆಂಪಿಯರ್. ಹನ್ನೆರಡರಿಂದ ಇದನ್ನ ಲೀನಿಯರ್ ದಾರಿಯಲ್ಲಿ ಇಳಿಸಿದ್ರೆ, ನೂರು ವಾಟ್ ಕೆಲಸಕ್ಕೆ ಸಾವಿರದ ನೂರು ವಾಟ್ ಬಿಸಿ. ಅಷ್ಟರಲ್ಲಿ ಅನ್ನ ಬೇಯುತ್ತೆ. ಅಮೆರಿಕದ ವರ್ಜೀನಿಯಾ ಟೆಕ್‌ನಲ್ಲಿ ಫ್ರೆಡ್ ಲೀ ಮತ್ತವರ ವಿದ್ಯಾರ್ಥಿಗಳು 1990ರ ದಶಕದಲ್ಲಿ ಇದಕ್ಕೆ ಒಂದು ದಾರಿ ಮಾಡಿದ್ರು: ಹಲವು ಬಕ್‌ಗಳು ಸರದಿ ಪ್ರಕಾರ ಒಂದರ ಹಿಂದೆ ಒಂದು ಕೆಲಸ ಮಾಡೋದು. ಮದರ್‌ಬೋರ್ಡ್‌ನಲ್ಲಿ ಪ್ರೊಸೆಸರ್ ಸುತ್ತ ಸಾಲಾಗಿ ಕೂತಿರೋ ಚೌಕದ ಪೆಟ್ಟಿಗೆಗಳನ್ನ ನೋಡಿದ್ದೀರಲ್ಲ, ಅವು ಆ ಬಕ್‌ಗಳ ಕಾಯಿಲ್‌ಗಳು. ಡಯೋಡ್ ಜಾಗಕ್ಕೂ ಈಗ ಇನ್ನೊಂದು ಟ್ರಾನ್ಸಿಸ್ಟರ್ ಬಂದಿದೆ. ಒಂದು ವೋಲ್ಟ್ ಔಟ್‌ಪುಟ್‌ಗೆ ಡಯೋಡೇ ಅರ್ಧ ವೋಲ್ಟ್ ತಿಂದರೆ ಉಳಿಯೋದೇನು?

ನಿಮ್ಮ ಫೋನ್‌ನಲ್ಲೂ ಅಷ್ಟೇ. ಬ್ಯಾಟರಿ 3.8 ವೋಲ್ಟ್ ಆಸುಪಾಸು, ಪ್ರೊಸೆಸರ್‌ಗೆ ಬೇಕಾದ್ದು ಒಂದು ವೋಲ್ಟ್‌ಗಿಂತ ಕಮ್ಮಿ. ಮಧ್ಯೆ ಪವರ್ ಮ್ಯಾನೇಜ್‌ಮೆಂಟ್ ಚಿಪ್ ಒಳಗೆ ಹಲವು ಪುಟ್ಟ ಬಕ್‌ಗಳು, ಸೆಕೆಂಡಿಗೆ ಲಕ್ಷಾಂತರ ಸಲ ತೂಬು ತೆಗೆದು ಮುಚ್ಚುತ್ತಾ ಇವೆ. ಅವು ಇಲ್ಲದಿದ್ರೆ ನಿಮ್ಮ ಬ್ಯಾಟರಿಯ ಮುಕ್ಕಾಲು ಪಾಲು ಅಂಗೈ ಬಿಸಿ ಮಾಡೋಕೇ ಖರ್ಚಾಗ್ತಿತ್ತು.

2011ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ನ್ಯಾಷನಲ್ ಸೆಮಿಕಂಡಕ್ಟರ್ ಅನ್ನ ಕೊಂಡುಕೊಂಡಿತು. 1985ರಲ್ಲೇ ಬೆಂಗಳೂರಿಗೆ ಬಂದು ವಿನ್ಯಾಸ ಕೇಂದ್ರ ತೆರೆದ ಕಂಪನಿ ಅದು. ಇವತ್ತು ಎಲ್ಎಂ2596ರ ಡೇಟಾಶೀಟ್ ಮೇಲಿರೋದು ಆ ಕಂಪನಿಯ ಹೆಸರು.

ಸರ್‌ಗೆ ಕೊನೇದಾಗಿ ಒಂದು ಪ್ರಶ್ನೆ ಕೇಳಿದೆ: "ಹಾಗಾದ್ರೆ ಇದನ್ನ ಕಂಡುಹಿಡಿದವರು ಯಾರು ಅಂತ ಹೇಳಲಿ ಸರ್?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಬ್ಬರ ಹೆಸರು ಹೇಳೋ ಆಸೆ ಬಿಡಪ್ಪ" ಅಂದರು. "ನಾನು ಸರ್ವೀಸ್‌ನಲ್ಲಿ ಸಾವಿರಾರು ಸಪ್ಲೈ ತೆಗೆದು ನೋಡಿದ್ದೀನಿ. ಒಂದರ ಮೇಲೂ ಮಾಡಿದವರ ಹೆಸರಿರಲಿಲ್ಲ."

ಹಾಗಾಗಿ ಹಳೇ ಎಪಿಸೋಡ್‌ನ ವಿವರಣೆಯಲ್ಲಿ ಇವತ್ತೇ ತಿದ್ದುಪಡಿ ಹಾಕಿದ್ದೀನಿ. ಆ ಕ್ಲಿಪ್ ತೆಗೆದಿದ್ದೀನಿ. ರಾಡ್ ಹೋಲ್ಟ್ ಹೆಸರು ಅಲ್ಲೇ ಇದೆ, ಅದು ಇರಬೇಕಾದ್ದೇ. ಪಕ್ಕದಲ್ಲಿ ಬೋಶರ್ಟ್, ಮಮ್ಮಾನೋ ಹೆಸರು ಸೇರಿಸಿದ್ದೀನಿ, ಅಪೋಲೋ ಬಗ್ಗೆ ಒಂದು ಸಾಲು ಸೇರಿಸಿದ್ದೀನಿ. ನನ್ನ ಬೆರಳ ತುದಿಯಲ್ಲಿ ಒಂದು ಚಿಕ್ಕ ಕಲೆ ಉಳಿದಿದೆ. ಇನ್ನು ಮುಂದೆ ಯಾವುದಾದ್ರೂ ಪುಸ್ತಕದಲ್ಲಿ "ಎಲ್ಲವನ್ನೂ ಬದಲಿಸಿದ ಒಬ್ಬ ಮನುಷ್ಯ" ಅಂತ ಓದಿದಾಗ, ಮೈಕ್ ಆನ್ ಮಾಡೋ ಮುಂಚೆ ಅದನ್ನೊಂದು ಸಲ ನೋಡ್ಕೋತೀನಿ.

ನಿಮಗೂ ಎಲ್ಲಾದರೂ ತಪ್ಪು ಕಂಡರೆ ಬರೀರಿ.